ಬ್ಯಾಗಿನ ಬಗ್ಗೆ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯ,

ಹೆಂಡತಿಯ ಹೆರಿಗೆಗೆ ಹೋಗುವಾಗ ಆಸ್ಪತ್ರೆ ಬ್ಯಾಗಿಗೆ ಏನೇನು ಹಾಕಬೇಕು ಅಂತ ನೀನು ಕೇಳಿ ವಾರ ಆಯ್ತು. ಬರೆಯಲು ಕೂತಾಗಲೆಲ್ಲ ಕರೆಂಟ್ ಹೋಗುತ್ತಿತ್ತು. ಈಗ ಮಳೆ ಸ್ವಲ್ಪ ಹೊಳವಾಗಿದೆ. ನಿನ್ನ ಹಾಗೆ ಕಾಯುತ್ತಿರುವವರು ಇನ್ನೂ ಇದ್ದಾರಲ್ವಾ, ಅದಕ್ಕೆ ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ. ನೀಲಿ ಕೊಡೆಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು, ಹಳೇ ಪಂಚೆಯ ಮೆತ್ತನೆ ಬಟ್ಟೆ, ಫ್ಲಾಸ್ಕು, ಟಾರ್ಚು. ಬ್ಯಾಗಿಗೆ ಇಷ್ಟು ಸಾಕು. ತಾಯಿಯ ರಕ್ತ ನೆಗೆಟಿವ್ ಗುಂಪಿನದಾಗಿ ಮಗುವಿನದು ಪಾಸಿಟಿವ್ ಬಂದರೆ ಮುಂದಿನ ಬಸಿರಿಗೆ ತೊಂದರೆ ಆಗದ ಹಾಗೆ ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು. ಓದುತ್ತಿರುವ ಉಳಿದವರೂ ಇದನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿಡಿ.

ಕ್ಯಾಲೆಂಡರಿನಲ್ಲಿ ಹೆರಿಗೆಯ ತಾರೀಕಿಗೆ ಕೆಂಪು ಗೆರೆ ಸುತ್ತಿದ್ದೀಯಂತೆ. ಅದು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹೇಳುವ ಲೆಕ್ಕ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ಐದರಷ್ಟು. 37 ವಾರ ತುಂಬಿದರೆ ಯಾವತ್ತು ಬೇಕಾದರೂ ನೋವು ಬರಬಹುದು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರು. ಆಷಾಢದ ಗಾಳಿಗೆ ಮಂಡಗದ್ದೆ ಹತ್ತಿರ ಒಂದು ಮರ ಅಡ್ಡ ಬಿದ್ದರೆ ಏನು ಮಾಡ್ತೀಯ? 38 ತುಂಬುವ ಮೊದಲೇ ಅವಳನ್ನು ಪೇಟೆಯ ನಿನ್ನ ಅಕ್ಕನ ಮನೆಗೆ ಕರೆದುಕೊಂಡು ಹೋಗು.

ಇಷ್ಟು ಬರೆದು ನಿಲ್ಲಿಸುವವನಿದ್ದೆ. ಆದರೆ ನಿನ್ನ ಮೆಸೇಜಿನ ಕೊನೆಯ ಸಾಲು ಕಾಡುತ್ತಿದೆ: 'ನಾರ್ಮಲ್ ಆದ್ರೆ ಸಾಕಪ್ಪ.'

ಮೂರು ವರ್ಷದ ಹಿಂದೆ ನಾನೂ ಇದನ್ನೇ ಹೇಳುತ್ತಿದ್ದೆ. ಅಮ್ಮ ಸಿಗಂದೂರಿಗೆ ಹರಕೆ ಹೊತ್ತಿದ್ದಳು. ಬೇರೇನಾದರೂ ಆದರೆ ಹೇಗೆ ಅಂತ ನಾನೂ ನನ್ನ ಹೆಂಡತಿಯೂ ಒಮ್ಮೆಯೂ ಕೂತು ಮಾತಾಡಿರಲಿಲ್ಲ. ಹದಿನಾರು ಗಂಟೆ ನೋವು ತಿಂದ ಮೇಲೆ, ಮಗುವಿನ ಎದೆಬಡಿತ ಇಳಿಯುತ್ತಿದೆ, ಸಿಸೇರಿಯನ್ ಮಾಡಬೇಕು ಅಂದರು. ಸಹಿ ಹಾಕುವ ಫಾರಂ ನನ್ನ ಕೈಯಲ್ಲಿತ್ತು. ನಾನು ಅವಳ ಕಡೆ ತಿರುಗಿ, 'ಇನ್ನೊಂದು ಸ್ವಲ್ಪ ಹೊತ್ತು ತಡ್ಕೊಳ್ಳೋಕಾಗಲ್ವಾ?' ಅಂದೆ.

ಅವಳು ಮಾತಾಡಲಿಲ್ಲ. ಸೀಮಂತದ ಹಸಿರು ಬಳೆಗಳು ಊದಿದ ಕೈಯಿಂದ ಬರುತ್ತಿರಲಿಲ್ಲ. ನರ್ಸ್ ಸೋಪು ಹಚ್ಚಿ ಒಂದೊಂದಾಗಿ ಎಳೆದು ನನ್ನ ಅಂಗೈಗೆ ಹಾಕಿದರು. ಒಂದು ಒಡೆಯಿತು. ಉಳಿದವನ್ನು ಜೇಬಿಗೆ ಹಾಕಿಕೊಂಡೆ. ಸೋಪಿನ ನೀರು ಶರ್ಟಿಗೆಲ್ಲ ಇಳಿಯಿತು.

ಮಗು ಚೆನ್ನಾಗಿಯೇ ಹುಟ್ಟಿತು. ಆದರೆ ಹೋದ ತಿಂಗಳು ನಿನ್ನ ಸುದ್ದಿ ಹೇಳಿದಾಗ ಅವಳು ಕೇಳಿದಳು, 'ಅವತ್ತು ನಾನು ಸೋತೆ ಅಂದ್ಕೊಂಡ್ರಾ?' ಮೂರು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದಳು ಕಣೋ. ನನಗೆ ಅವತ್ತು ಆಪರೇಷನ್ ಅಂದರೆ ಭಯ ಇತ್ತು. ಜೊತೆಗೆ, ಊರಲ್ಲಿ ಎಲ್ಲರೂ 'ನಾರ್ಮಲ್ಲಾ?' ಅಂತ ಕೇಳ್ತಾರಲ್ಲ ಅನ್ನುವ ಅಳುಕೂ ಇತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಅವಳಿಗೆ ಓದಿ ಹೇಳಿದೆ. 'ಹಾಕಿ' ಅಂದಳು.

ಇವತ್ತು ರಾತ್ರಿ ಊಟ ಆದ ಮೇಲೆ ನೀವಿಬ್ಬರೂ ಕೂತು ಮಾತಾಡಿ. ತಾರೀಕು ದಾಟಿದರೂ ನೋವು ಬರದಿದ್ದರೆ ಔಷಧಿ ಕೊಟ್ಟು ಬರಿಸುತ್ತಾರೆ. ಸಿಸೇರಿಯನ್ನಿಗೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್. ಅವಳು ಎಚ್ಚರವಾಗಿಯೇ ಇರುತ್ತಾಳೆ, ಮಗುವಿನ ಮೊದಲ ಅಳು ಕೇಳಿಸುತ್ತದೆ. ಹೊಲಿಗೆ ಇದ್ದರೆ ನಮ್ಮ ಕಡೆಯ ಹಂಡೆ ನೀರಿನ ಬಾಣಂತಿ ಸ್ನಾನ ಡಾಕ್ಟರನ್ನು ಕೇಳದೆ ಬೇಡ. ಇದನ್ನು ನಿಮ್ಮಮ್ಮನಿಗೆ ಈಗಲೇ ಹೇಳಿಡು. ಮಗು ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ ಬಟ್ಟೆಯಿಲ್ಲದ ಎದೆಗೆ ಅವುಚಿಕೊಂಡು ಬೆಚ್ಚಗೆ ಇಡಲು ಹೇಳಬಹುದು. ಅಪ್ಪನೂ ಇಟ್ಟುಕೊಳ್ಳಬಹುದು. ಯಾವುದಕ್ಕೆ ಭಯ, ಯಾರು ಹತ್ತಿರ ಇರಬೇಕು ಅಂತ ಅವಳನ್ನೇ ಕೇಳು. ನಡುವೆ ಬಾಯಿ ಹಾಕಬೇಡ.

ಪೇಟೆಗೆ ಹೋಗುವ ದಿನ ಹೇಳು, ಜೀಪು ತರುತ್ತೇನೆ. ನೆಟ್‌ವರ್ಕ್ ಸಿಗದಿದ್ದರೆ ಧರೆ ಮೇಲೆ ನಿಂತು ನಮ್ಮ ಹಳೇ ಕೂಗು ಹಾಕು, ಸಾಕು. ಹಲಸಿನ ಹಪ್ಪಳ ಕಳಿಸಿದ್ದೇನೆ. ಅದು ಅವಳಿಗೆ. ನೀನು ಡಬ್ಬ ಮುಟ್ಟಿದರೆ ಕೊಡೆಯ ಕಥೆ ನಾಳೆಯೇ ಇಲ್ಲಿ ಬರುತ್ತೆ.

ನಿನ್ನವನೇ