ಇನ್ನು ಮುಂದೆ ಡಬ್ಬ ಅಂಗಡಿಯಲ್ಲೇ ಬಿಚ್ಚೋಣ: ನಮ್ಮ ರೈಲು ಮಾದರಿ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳಿಂದ ಅಂಗಡಿಯಲ್ಲಿ ಮೂರು ಬದಲಾವಣೆ ಮಾಡುತ್ತಿದ್ದೇವೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನೀವು ಕೊಂಡ ಇಂಜಿನ್‌ನ ಡಬ್ಬವನ್ನು ಇನ್ನು ಅಂಗಡಿಯಲ್ಲೇ ಬಿಚ್ಚಿ, ಹಳಿ ಮೇಲೆ ಅರ್ಧ ಗಂಟೆ ಓಡಿಸಿ, ಆಮೇಲೆ ಕೊಡುತ್ತೇವೆ. ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ವ್ಯಾಪಾರ ಇರುವುದಿಲ್ಲ. ಆ ಹೊತ್ತು ಅಂಗಡಿಯ ಉದ್ದ ಮೇಜು ನಿಮ್ಮದು. ಇತ್ತೀಚೆಗೆ ಏನು ಕೊಂಡಿರೋ ಅದನ್ನು ತಂದು ಎಲ್ಲರಿಗೂ ತೋರಿಸಿ. ನಮ್ಮಲ್ಲೇ ಕೊಂಡಿದ್ದಾಗಬೇಕು ಅಂತೇನೂ ಇಲ್ಲ. ಇನ್ನೊಂದು, ಹೊರದೇಶದಿಂದ ಎಲ್ಲರದ್ದೂ ಸೇರಿಸಿ ತರಿಸುವ ಆರ್ಡರನ್ನು ವಾರ ವಾರ ಕಳಿಸುವುದು ನಿಲ್ಲಿಸುತ್ತೇವೆ. ಆ ಭಾನುವಾರದ ಮರುದಿನ, ತಿಂಗಳಿಗೆ ಒಂದೇ ಸಲ ಕಳಿಸುತ್ತೇವೆ.

ಬೆಲೆಯಲ್ಲಿ ಬದಲಾವಣೆ ಇಲ್ಲ. ಓಡಿಸಿ ನೋಡುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಮುಂಗಡ ಮೊದಲಿನ ಹಾಗೆಯೇ ಅರ್ಧ.

ಈಗ ಕಾರಣ. ಕಳೆದ ದೀಪಾವಳಿಗೆ ದಾವಣಗೆರೆಯ ಗ್ರಾಹಕರೊಬ್ಬರು ಒಂದು ಡೀಸೆಲ್ ಇಂಜಿನ್ ತೆಗೆದುಕೊಂಡು ಹೋದರು. ಮನೆಯಲ್ಲಿ ಹಳಿ ಹಾಸಿ ಕಟ್ಟುವ ಲೇಔಟ್ ಇನ್ನೂ ಮುಗಿದಿರಲಿಲ್ಲ. ಸೀಲ್ ಒಡೆಯದೆ ಬೀರುವಿನಲ್ಲಿ ಇಟ್ಟರು. ಶಿವರಾತ್ರಿ ರಜೆಯಲ್ಲಿ ಹಳಿಗೆ ಇಟ್ಟು ಓಡಿಸಿದರೆ, ಚಕ್ರ ಒಂದು ಸುತ್ತು ಬಂದಾಗಲೆಲ್ಲ ಟಕ್, ಟಕ್ ಅನ್ನುವ ಸದ್ದು. ಬಿಚ್ಚಿ ನೋಡಿದೆವು. ಅಚ್ಚಿನ ಮೇಲೆ ಕೂರುವ ಪುಟ್ಟ ಪ್ಲಾಸ್ಟಿಕ್ ಗೇರು ಸೀಳಿತ್ತು. ಕೂದಲೆಳೆಯಷ್ಟು ಸೀಳು, ಭೂತಗನ್ನಡಿ ಇಲ್ಲದೆ ಕಾಣುವುದಿಲ್ಲ. ಆದರೆ ಸೀಳಿದ ಜಾಗದಲ್ಲಿ ಎರಡು ಹಲ್ಲುಗಳ ನಡುವಿನ ಸಂದು ಒಂದಿಷ್ಟು ಅಗಲವಾಗುತ್ತದೆ. ಪಕ್ಕದ ಗೇರಿನ ಹಲ್ಲು ಅಲ್ಲಿಗೆ ಬಂದಾಗ ಎಡವುತ್ತದೆ. ಸದ್ದು ಅದರದ್ದು.

ಹಾಗೆ ಬಂದ ಮಾಲನ್ನು ವಾಪಸ್ ಕಳಿಸಲು ನಮಗೆ ಮಾಲು ಕೊಡುವವರು ಇಟ್ಟಿದ್ದ ಗಡುವು ಅಷ್ಟರಲ್ಲಿ ಮುಗಿದೇಹೋಗಿತ್ತು. ನಮ್ಮ ಖರ್ಚಿನಲ್ಲೇ ಬೇರೆ ಗೇರು ತರಿಸಿ ಹಾಕಿಕೊಟ್ಟೆವು. ಅದು ದೊಡ್ಡ ಮಾತಲ್ಲ. ಅವರು ಒಂದು ಗಡಸು ಮಾತೂ ಆಡಲಿಲ್ಲ. "ಮೊದಲೇ ಒಂದ್ಸಲ ಓಡಿಸಿ ಕೊಟ್ಟಿದ್ದರೆ ಚೆನ್ನಾಗಿತ್ತು ಅಲ್ವಾ" ಅಂದರು, ಅಷ್ಟೇ. ವರ್ಷವಿಡೀ ದುಡ್ಡು ಕೂಡಿಟ್ಟು ಕೊಂಡ ಇಂಜಿನ್ ಅದು. ಆ ಮಾತು ನನಗೂ ನನ್ನ ತಮ್ಮನಿಗೂ ಇವತ್ತಿಗೂ ಮರೆತಿಲ್ಲ.

ಅದಕ್ಕೇ ಇನ್ನು ಓಡಿಸದೆ ಕೊಡುವುದಿಲ್ಲ. ಹೇಗೆ ನೋಡುತ್ತೇವೆ ಅಂತ ನಿಮಗೆ ಗೊತ್ತಿರಬೇಕು. ಮೊದಲು ಇಂಜಿನ್ನನ್ನು ಸ್ಪಂಜಿನ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಚಕ್ರ ಅಳೆಯುತ್ತೇವೆ. ಎಚ್‌ಒ ಅಳತೆಯ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು) ಇಂಜಿನ್ ಆದರೆ ಒಂದೇ ಅಚ್ಚಿನ ಎರಡು ಚಕ್ರಗಳ ಒಳಬದಿಗಳ ನಡುವೆ ಸುಮಾರು 14.5 ಮಿ.ಮೀ. ಇರಬೇಕು. ಅದು ಕಡಿಮೆಯಾದರೆ ಹಳಿ ಕವಲೊಡೆಯುವ ಪಾಯಿಂಟ್ ದಾಟುವಾಗ ಇಂಜಿನ್ ಹಳಿ ತಪ್ಪುತ್ತದೆ. ಆಮೇಲೆ ಹಳಿಗೆ ಇಟ್ಟು, ಆಮೆ ನಡೆದ ಹಾಗೆ ನಿಧಾನಕ್ಕೆ, ಮುಂದಕ್ಕೆ ಕಾಲು ಗಂಟೆ, ಹಿಂದಕ್ಕೆ ಕಾಲು ಗಂಟೆ. ಜೋರಾಗಿ ಓಡಿಸಿದರೆ ಯಾವ ಇಂಜಿನ್ನೂ ಚೆನ್ನಾಗಿಯೇ ಓಡುತ್ತದೆ. ದೋಷ ಗೊತ್ತಾಗುವುದು ನಿಧಾನದಲ್ಲಿ. ಡಿಸಿಸಿ, ಅಂದರೆ ಡಿಜಿಟಲ್ ಸಂಕೇತದಲ್ಲಿ ಓಡಿಸುವ ಇಂಜಿನ್ ಆದರೆ, ಸಂಕೇತ ಓದುವ ಒಳಗಿನ ಡಿಕೋಡರ್ ಕಾರ್ಖಾನೆಯಲ್ಲಿ ಕೊಟ್ಟ 3ನೇ ನಂಬರಿಗೆ ಓಗೊಡುತ್ತದೆಯೇ, ದೀಪ ಎರಡೂ ಕಡೆ ಹತ್ತುತ್ತದೆಯೇ ನೋಡುತ್ತೇವೆ. ಗೇರು ಒಣಗಿದ್ದರೆ ಪ್ಲಾಸ್ಟಿಕ್ಕಿಗೆ ಹೊಂದುವ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಮುಟ್ಟಿಸುತ್ತೇವೆ. ಒಂದು ಹನಿಯೂ ಜಾಸ್ತಿಯೇ.

ಕೊನೆಯ ಪರೀಕ್ಷೆ ನನಗೆ ಬಹಳ ಇಷ್ಟದ್ದು. ತಮ್ಮ ಎರಡು ಮೀಟರ್ ಉದ್ದದ ಹಲಗೆಗೆ ಹಳಿ ಹೊಡೆದು, ಒಂದು ತುದಿಯನ್ನು 4 ಸೆಂ.ಮೀ. ಎತ್ತರಿಸಿ ಇಟ್ಟಿದ್ದಾನೆ. ಅಂದರೆ ಐವತ್ತಕ್ಕೆ ಒಂದರ ಏರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಘಾಟಿಯಲ್ಲಿ ಇರುವುದೂ ಇದೇ ಏರು. 57 ಸುರಂಗಗಳ ಆ ದಾರಿಯಲ್ಲಿ ಭಾರದ ಗಾಡಿಗಳನ್ನು ಹಿಂದಿನಿಂದ ತಳ್ಳಲು ಬೇರೆ ಇಂಜಿನ್ ಹಚ್ಚುವುದನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ಹಲಗೆಯ ಮೇಲೆ ನಿಮ್ಮ ಇಂಜಿನ್ ಎಷ್ಟು ಬೋಗಿ ಎಳೆಯಿತು ಅಂತ ಒಂದು ಚೀಟಿಯಲ್ಲಿ ಬರೆದು ಡಬ್ಬದೊಳಗೆ ಇಡುತ್ತೇವೆ. ಘಾಟಿಯ ಲೇಔಟ್ ಕಟ್ಟುವವರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಭಾನುವಾರದ ಮೇಜಿನ ಯೋಚನೆ ಬಂದದ್ದು ಬೇರೆ ಕಡೆಯಿಂದ. ಒಂದು ಸಂಜೆ ಜೋರು ಮಳೆ. ಮೂವರು ಗ್ರಾಹಕರು ಅಂಗಡಿಯಲ್ಲೇ ಸಿಕ್ಕಿಹಾಕಿಕೊಂಡರು. ಒಬ್ಬರಿಗೊಬ್ಬರು ಮುಖ ಪರಿಚಯ ಅಷ್ಟೇ. ಕಾಫಿ ಕುಡಿಯುತ್ತಾ ಸುಮ್ನೆ ಮಾತಾಡುವಾಗ ಗೊತ್ತಾಯಿತು, ಮೂವರೂ ಅದೇ ತಿಂಗಳು ಬೋಗಿಗಳನ್ನು ಜೋಡಿಸುವ ಅದೇ ಕಪ್ಲರ್ ಕೊಂಡಿಯ ಪೊಟ್ಟಣವನ್ನು ಹೊರಗಿನಿಂದ ಬೇರೆ ಬೇರೆಯಾಗಿ ತರಿಸಿದ್ದರು. ಮೂರು ಕೊರಿಯರ್, ಮೂರು ಸಲ ಕ್ಲಿಯರೆನ್ಸ್ ಚಾರ್ಜು. ಮಾಲಿಗಿಂತ ಸಾಗಾಟಕ್ಕೇ ಜಾಸ್ತಿ ಬಿದ್ದಿತ್ತು. ಮೊದಲೇ ಮಾತಾಡಿಕೊಂಡಿದ್ದರೆ ಒಂದೇ ಪಾರ್ಸೆಲ್‌ನಲ್ಲಿ ಬರುತ್ತಿತ್ತು. ಅದರಲ್ಲಿ ನಮ್ಮ ತಪ್ಪೂ ಇದೆ. ವಾರಕ್ಕೊಂದು ಆರ್ಡರ್ ಕಳಿಸುವ ಅವಸರದಲ್ಲಿ ಯಾರಿಗೆ ಏನು ಬೇಕು ಅಂತ ಒಂದು ಕಡೆ ಸೇರಿಸಿ ನೋಡುವ ಕೆಲಸ ನಾವು ಮಾಡಿರಲಿಲ್ಲ.

ಇನ್ನು ಆರ್ಡರ್ ತಿಂಗಳಿಗೊಂದೇ ಆಗುವುದರಿಂದ ಕೆಲವರು ನಾಲ್ಕು ವಾರದವರೆಗೆ ಜಾಸ್ತಿ ಕಾಯಬೇಕಾಗುತ್ತದೆ. ಇದು ನಿಮಗೆ ತೊಂದರೆಯೇ, ಇಲ್ಲ ಅನ್ನುವುದಿಲ್ಲ. ಸಾಗಾಟದ ಖರ್ಚನ್ನು ಮಾತ್ರ ಆ ಪಾರ್ಸೆಲ್‌ನ ಎಲ್ಲರಿಗೂ ತೂಕದ ಲೆಕ್ಕದಲ್ಲಿ ಹಂಚುತ್ತೇವೆ. ಬಿಲ್ಲಿನ ನಕಲು ಕೌಂಟರ್ ಮೇಲೆ ಇರುತ್ತದೆ, ಯಾರು ಬೇಕಾದರೂ ನೋಡಬಹುದು.

ದುಡ್ಡು ಉಳಿಯುವುದು ಒಂದು ಕಡೆ. ಅದಕ್ಕಿಂತ ದೊಡ್ಡದು, ಒಬ್ಬರು ಕೊಂಡು ಕಲಿತದ್ದು ಇನ್ನೊಬ್ಬರಿಗೆ ಸಿಗುವುದು. ಡಬ್ಬದ ಮೇಲೆ ಬರೆಯದ ಸಂಗತಿ ನಮ್ಮ ಹವ್ಯಾಸದಲ್ಲಿ ಬಹಳ ಇದೆ.

ಈಗಿನ ಹೊಸ ಬಗೆಯ ಪ್ರಯಾಣಿಕರ ಬೋಗಿ ಎಲ್‌ಎಚ್‌ಬಿಯನ್ನೇ ತೆಗೆದುಕೊಳ್ಳಿ. ನಿಜವಾದ ಬೋಗಿ 23.54 ಮೀಟರ್ ಉದ್ದ. ಎಚ್‌ಒದಲ್ಲಿ, ಅಂದರೆ 87ರಲ್ಲಿ ಒಂದು ಪಾಲಿನಲ್ಲಿ, ಅದು 27 ಸೆಂ.ಮೀ. ಆಗುತ್ತದೆ. ಹಳೆಯ ಐಸಿಎಫ್ ಬೋಗಿ 24.5 ಸೆಂ.ಮೀ. ವ್ಯತ್ಯಾಸ ಎರಡೂವರೆ ಸೆಂ.ಮೀ. ತಾನೇ ಅನ್ನಿಸುತ್ತದೆ. ಆದರೆ ಶುರುವಿನ ಸೆಟ್‌ಗಳಲ್ಲಿ ಬರುವ 18 ಇಂಚು ತ್ರಿಜ್ಯದ ತಿರುವಿನಲ್ಲಿ ಇಷ್ಟು ಉದ್ದದ ಬೋಗಿಯ ಹೊಟ್ಟೆ ಒಳಗಡೆಗೆ, ಮೂಲೆಗಳು ಹೊರಗಡೆಗೆ ಚಾಚುತ್ತವೆ. ಪಕ್ಕದ ಹಳಿಯ ಗಾಡಿಗೆ ತಾಗುತ್ತದೆ. ಕಪ್ಲರ್ ಪಕ್ಕಕ್ಕೆ ಎಳೆದು ಚಕ್ರ ಎತ್ತುತ್ತದೆ. ಒಬ್ಬರು ತಮ್ಮ ಹೊಸ ಬೋಗಿ ತಂದು ಮೇಜಿನ ಮೇಲೆ ಆ ತಿರುವಿನಲ್ಲಿ ಒಂದು ಸಲ ಎಳೆದು ತೋರಿಸಿದರೆ ಸಾಕು. ಅದನ್ನೇ ಕೊಳ್ಳಬೇಕು ಅಂತಿದ್ದವರು ಮೊದಲು ಅಗಲದ ತಿರುವಿನ ಹಳಿ ಕೊಳ್ಳುತ್ತಾರೆ.

ಅಳತೆಯ ಗೊಂದಲ ಇನ್ನೂ ದೊಡ್ಡದು. ಬ್ರಿಟಿಷ್ ಒಒ ಅಳತೆಯ ಮಾದರಿಯೂ ಎಚ್‌ಒ ಮಾದರಿಯೂ ಓಡುವುದು ಒಂದೇ 16.5 ಮಿ.ಮೀ. ಹಳಿಯ ಮೇಲೆ. ಹಾಗಾಗಿ ಎರಡೂ ಒಂದೇ ಅಂತ ಬಹಳ ಜನ ತಿಳಿಯುತ್ತಾರೆ. ಒಒ ಬೋಗಿ 76ರಲ್ಲಿ ಒಂದು ಪಾಲು. ಎಚ್‌ಒ ಇಂಜಿನ್‌ನ ಹಿಂದೆ ಕಟ್ಟಿದರೆ ಬೋಗಿ ಶೇ. 14ರಷ್ಟು ದೊಡ್ಡದಾಗಿ ಕಾಣುತ್ತದೆ. ಕಣ್ಣಿಗೆ ತಕ್ಷಣ ಹೊಡೆಯುತ್ತದೆ. ಇನ್ನು ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಎಚ್‌ಒ ಲೆಕ್ಕದಲ್ಲಿ ಹಳಿ 19 ಮಿ.ಮೀ.ಗಿಂತ ಅಗಲ ಇರಬೇಕಿತ್ತು. ಸಿಗುವ ಹಳಿ 16.5. ನಮ್ಮಲ್ಲಿ ಹೆಚ್ಚಿನವರು ಅದನ್ನು ಒಪ್ಪಿಕೊಂಡು ಆಡುತ್ತಾರೆ. ಕೈಯಾರೆ ಹಳಿಯಡಿಯ ಸ್ಲೀಪರ್ ಪಟ್ಟಿ ಕತ್ತರಿಸಿ ಅಗಲದ ಹಳಿ ಹಾಕುವ ಒಬ್ಬರು ಇದ್ದಾರೆ. ಅವರ ಒಂದು ತುಂಡು ಹಳಿಯನ್ನು ನೋಡಿದವರು ಸುಲಭಕ್ಕೆ ಮರೆಯುವುದಿಲ್ಲ. ಅವರೂ ಭಾನುವಾರದ ಮೊದಲ ಮೇಜಿಗೇ ಬರುತ್ತೇನೆ ಅಂದಿದ್ದಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಭಾನುವಾರದವರೆಗೆ ಕಾಯುವುದು ಬೇಡ. ಜರ್ಮನಿಯ ಮಾರ್ಕ್ಲಿನ್ ಎಚ್‌ಒ ಇಂಜಿನ್‌ಗಳು ಸಾಮಾನ್ಯವಾಗಿ ಮೂರು ಹಳಿ ಪದ್ಧತಿಯವು. ಮಾಲು ಬಹಳ ಒಳ್ಳೆಯದು. ಆದರೆ ನಮ್ಮ ಎರಡು ಹಳಿಯ ಲೇಔಟ್ ಮೇಲೆ ಇಟ್ಟರೆ ಶಾರ್ಟ್ ಆಗುತ್ತದೆ, ಏಕೆಂದರೆ ಎಡಬಲದ ಚಕ್ರಗಳ ನಡುವೆ ವಿದ್ಯುತ್ ತಡೆ ಇರುವುದಿಲ್ಲ. ಇಂಜಿನ್ ತಿರುಗಿಸಿ ನೋಡಿ. ಹೊಟ್ಟೆಯ ಕೆಳಗೆ ಉದ್ದಕ್ಕೂ ಲೋಹದ ಪಟ್ಟಿ ಇದ್ದರೆ ಅದು ಮೂರು ಹಳಿಯದ್ದು. ಕೊಳ್ಳುವ ಮೊದಲು ಒಂದು ಫೋಟೊ ತರಿಸಿಕೊಂಡು ನಮಗೆ ತೋರಿಸಿ.

ಮೇಜಿಗೆ ಬರುವವರಿಗೆ ಹೆಚ್ಚು ನಿಯಮ ಇಲ್ಲ. ಕೇಳದೆ ಬೇರೆಯವರ ಮಾದರಿ ಮುಟ್ಟಬಾರದು. ಬೆಲೆ ಹೇಳುವುದು ಬಿಡುವುದು ನಿಮ್ಮಿಷ್ಟ. ಹೇಳುವುದಾದರೆ ಸುಂಕ, ಕೊರಿಯರ್ ಎಲ್ಲ ಸೇರಿಸಿ ಹೇಳಿ, ಇಲ್ಲದಿದ್ದರೆ ಕೇಳಿದವರು ಲೆಕ್ಕ ತಪ್ಪುತ್ತಾರೆ. ಚೆನ್ನಾಗಿಲ್ಲದ ಮಾಲನ್ನೂ ತನ್ನಿ. ಕೊಂಡು ಬೇಸರವಾದದ್ದನ್ನು ತೋರಿಸಲು ಸಂಕೋಚ ಬೇಡ, ಅದರಿಂದ ಇನ್ನೊಬ್ಬರ ದುಡ್ಡು ಉಳಿಯುತ್ತದೆ. ಮಕ್ಕಳು ಒಂದೇ ಒಂದು ವ್ಯಾಗನ್ ತಂದರೂ ಹತ್ತು ಬೋಗಿ ತಂದವರಿಗೆ ಕೊಡುವಷ್ಟೇ ಹೊತ್ತು ಕೊಡುತ್ತೇವೆ. ಇದರಲ್ಲಿ ನಾನು ಬಹಳ ಗಟ್ಟಿ. ಈ ಹವ್ಯಾಸದಲ್ಲಿ ದುಡ್ಡಿದ್ದವರ ಮಾತೇ ಮೇಲಾಗಿ, ಹೊಸಬರು ಮೂಲೆ ಹಿಡಿದು ಕೂರುವುದನ್ನು ಬಹಳ ಸಲ ನೋಡಿದ್ದೇನೆ. ನಮ್ಮ ಮೇಜಿನ ಮೇಲೆ ಹಾಗಾಗಲು ಬಿಡುವುದಿಲ್ಲ.

ಮೇಜಿನ ಹತ್ತಿರ ಅಡುಗೆಮನೆಯ ಡಿಜಿಟಲ್ ತಕ್ಕಡಿಯೂ ಇರುತ್ತದೆ. ಬೋಗಿ ಹಗುರವಾದರೆ ತಿರುವಿನಲ್ಲಿ ಮಗುಚುತ್ತದೆ. ಅಮೆರಿಕದ ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಎಚ್‌ಒಗೆ ಹೇಳುವ ಲೆಕ್ಕ ಸುಲಭ: ಒಂದು ಔನ್ಸ್, ಅದರ ಮೇಲೆ ಬೋಗಿಯ ಪ್ರತಿ ಇಂಚಿಗೆ ಅರ್ಧ ಔನ್ಸ್. ಐಸಿಎಫ್ ಬೋಗಿಗೆ ಅದು ಸುಮಾರು 165 ಗ್ರಾಂ. ಕಡಿಮೆ ಇದ್ದರೆ ನೆಲದ ಭಾಗಕ್ಕೆ ಸೀಸದ ಚೂರು ಅಂಟಿಸಿಕೊಂಡು ಹೋಗಬಹುದು.

ಭಾನುವಾರ ಬರಲಾಗದವರಿಗೆ ಕೌಂಟರಿನಲ್ಲಿ ಒಂದು ದಪ್ಪ ಲೆಡ್ಜರ್ ಇಟ್ಟಿದ್ದೇವೆ. ಏನು ಕೊಂಡಿರಿ, ಯಾವ ಅಳತೆ, ಹೇಗೆ ಓಡುತ್ತಿದೆ, ಮತ್ತೆ ಕೊಳ್ಳುತ್ತೀರಾ, ಇಷ್ಟು ಬರೆದರೆ ಸಾಕು. ಹೆಸರು ಬರೆಯಲೇಬೇಕು ಅಂತಿಲ್ಲ. ಹೊರ ಊರಿನವರು ಪೋಸ್ಟ್ ಕಾರ್ಡ್‌ನಲ್ಲಿ ಬರೆದು ಕಳಿಸಿದರೂ ತಮ್ಮ ಅದನ್ನು ಅಂಟಿಸುತ್ತಾನೆ. ಕೊರಿಯರ್‌ನಲ್ಲಿ ತರಿಸುವವರಿಗೆ ಪಾರ್ಸೆಲ್ ಒಂದೆರಡು ದಿನ ತಡವಾಗುತ್ತದೆ. ನಿಮ್ಮ ಇಂಜಿನ್ ಹಲಗೆ ಏರುವ ಚಿಕ್ಕ ವಿಡಿಯೊವನ್ನು ಮೊದಲೇ ಫೋನಿಗೆ ಕಳಿಸುತ್ತೇವೆ.

ಸೀಲ್ ಒಡೆಯದ ಡಬ್ಬವೇ ಬೇಕು ಅನ್ನುವ ಸಂಗ್ರಾಹಕರು ಕೆಲವರು ಇದ್ದೀರಿ. ನಿಮ್ಮ ಮನಸ್ಸು ನಮಗೆ ಅರ್ಥವಾಗುತ್ತದೆ. ಆರ್ಡರ್ ಚೀಟಿಯಲ್ಲಿ "ಬಿಚ್ಚಬೇಡಿ" ಅಂತ ಬರೆಯಿರಿ, ಮುಟ್ಟುವುದಿಲ್ಲ. ಆದರೆ ವಾಪಸಿನ ಗಡುವು ದಾಟಿದ ಮೇಲೆ ಒಳಗಿನ ದೋಷ ಕಂಡರೆ ಹೊಸದು ಕೊಡಲು ನಮ್ಮಿಂದ ಆಗುವುದಿಲ್ಲ. ರಿಪೇರಿಯ ಕೂಲಿ ಮಾತ್ರ ತೆಗೆದುಕೊಳ್ಳುವುದಿಲ್ಲ, ಬಿಡಿಭಾಗದ ಬೆಲೆ ಕೊಟ್ಟರೆ ಸಾಕು.

ಭಾನುವಾರದ ಮೊದಲ ಮೇಜಿಗೆ ನಾನೂ ಹೊಸದಾಗಿ ಕೊಂಡದ್ದನ್ನು ತರುತ್ತಿದ್ದೇನೆ, ಮೇಲ್ಭಾಗ ತೆರೆದಿರುವ ಸರಕಿನ ಐದು ಬಾಕ್ಸ್‌ಎನ್ ವ್ಯಾಗನ್. ಒಂದೊಂದೂ 12 ಸೆಂ.ಮೀ. ಚಿಲ್ಲರೆ. ಬಣ್ಣ ಚೆನ್ನಾಗಿದೆ, ಚಕ್ರ ಸಲೀಸಾಗಿ ತಿರುಗುತ್ತದೆ, ಆದರೆ ಖಾಲಿ ಬಂದಿವೆ. ಬಳ್ಳಾರಿ, ಹೊಸಪೇಟೆ ಕಡೆ ಓಡುವ ಅದಿರಿನ ಗಾಡಿಯ ಹಾಗೆ ಕೆಂಪಗೆ ತುಂಬಬೇಕು ಅಂತ ಆಸೆ. ಆ ಕಡೆಯವರು ಯಾರಾದರೂ ಬರುವುದಿದ್ದರೆ ಒಂದು ಮುಷ್ಟಿ ಅದಿರಿನ ಪುಡಿ ಕಟ್ಟಿಕೊಂಡು ಬನ್ನಿ. ಮೊದಲು ಅಯಸ್ಕಾಂತ ಹಿಡಿದು ನೋಡೋಣ. ಅಂಟಿಕೊಂಡರೆ ಇಂಜಿನ್‌ನ ಮೋಟಾರಿನೊಳಗೆ ಸೇರಿಕೊಳ್ಳುವ ಭಯ, ಆಗ ಇಟ್ಟಿಗೆ ಪುಡಿಯೇ ಗತಿ. ಅಂಟದಿದ್ದರೆ ಅವತ್ತೇ ಎಲ್ಲರೂ ಸೇರಿ ತುಂಬಿಬಿಡೋಣ.

ಕಾಫಿ ನಮ್ಮದು.

ನಿಮ್ಮ ವಿಶ್ವಾಸದ,
ಅಂಗಡಿಯ ಅಣ್ಣ ತಮ್ಮ