ದೋಸ್ತ, ಆ ಖಣದ ಫೋಟೋ ಬಗ್ಗೆ

ಪ್ರೀತಿಯ ದೋಸ್ತ,

ಮೂರು ತಿಂಗಳ ಹಿಂದೆ ನನ್ನದೊಂದು ಫೋಟೋ ಎಲ್ಲ ಗ್ರೂಪುಗಳಲ್ಲೂ ಓಡಾಡಿತಲ್ಲ, ಕೈಯಲ್ಲಿ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ಹಿಡಿದುಕೊಂಡು ಒಬ್ಬ ಕಾಕಾ, ಒಬ್ಬ ಕಾಕು ನಡುವೆ ನಿಂತದ್ದು. ಅದನ್ನು ನೋಡಿ ನೀನು ಮಸ್ಕತ್‌ನಿಂದ ನಡುರಾತ್ರಿ "ಎಂಟನೇ ರೂಮಿನ ಮರ್ಯಾದಿ ಉಳಿಸಿದಿ ಲೇ" ಅಂತ ನಮ್ಮ ಹಾಸ್ಟೆಲ್ ರೂಮು ನೆನೆಸಿ ಬರೆದಿದ್ದೆ. ನಾನು ಉತ್ತರ ಬರೆಯಲಿಲ್ಲ. ಆಮೇಲೆ ನೀನು ಎರಡು ಸಲ ಫೋನ್ ಮಾಡಿದೆ, ಡ್ಯೂಟಿಯಲ್ಲಿದ್ದೇನೆ ಅಂದೆ. ಡ್ಯೂಟಿ ಇರಲಿಲ್ಲ. ನವನಗರದ ಮನೆಯಲ್ಲೇ ಕೂತಿದ್ದೆ. ಆ ಉತ್ತರ ಈಗ ಬರೆಯುತ್ತಿದ್ದೇನೆ, ನಾಲ್ಕು ಜನ ಓದುವ ಕಡೆಯೇ ಬರೆಯುತ್ತಿದ್ದೇನೆ. ಫೋಟೋ ನೋಡಿ ಕೈಮುಗಿದ ಚಿತ್ರ ಹಾಕಿದವರು ಇದನ್ನೂ ನೋಡಲಿ. ಕಾಕಾ, ಕಾಕು ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ.

ನೀನು ಕೇಳುತ್ತಲೇ ಇರುತ್ತೀಯ, ಐಸಿಯುನ ನರ್ಸ್ ಕೆಲಸ ಬಿಟ್ಟು ಇದೇನು ಕೆಲಸ ಹಿಡಿದೆ ಅಂತ. ಬೋರ್ಡಿನ ಮೇಲೆ ಹೃದಯ ಪುನಶ್ಚೇತನ ವಿಭಾಗ ಅಂತ ಇದೆ. ಬರುವ ಜನ "ನಡಸೂ ಖೋಲಿ" ಅನ್ನುತ್ತಾರೆ. ನನಗೆ ಅದೇ ಹೆಸರು ಇಷ್ಟ. ಬೈಪಾಸ್ ಆದವರು, ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡವರು ವಾರಕ್ಕೆ ಎರಡು ದಿನ ಬರುತ್ತಾರೆ, ಹನ್ನೆರಡು ವಾರ. ನಾನು ಬಿಪಿ ನೋಡುತ್ತೇನೆ, ಎದೆಗೆ ಇಸಿಜಿ ಸ್ಟಿಕ್ಕರ್ ಅಂಟಿಸುತ್ತೇನೆ, ಗುಳಿಗೆ ಚೀಟಿ ಓದಿ ಹೇಳುತ್ತೇನೆ. ಫಿಜಿಯೋಥೆರಪಿಸ್ಟ್ ಅವರನ್ನು ನಡೆದಾಡಿಸುತ್ತಾರೆ. ನಾನು ಪಕ್ಕದಲ್ಲಿ ನಿಂತು ಮುಖ ನೋಡುತ್ತಿರುತ್ತೇನೆ.

ಮುಖ ನೋಡುವುದೇ ಅರ್ಧ ಕೆಲಸ. ಇವರಲ್ಲಿ ಜಾಸ್ತಿ ಜನ ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಗುಳಿಗೆ ತಗೊಳ್ಳುತ್ತಿರುತ್ತಾರೆ. ಹೀಗಾಗಿ ನಾಡಿಯೊಂದನ್ನೇ ನಂಬುವ ಹಾಗಿಲ್ಲ. ಬೋರ್ಗ್ ಅಂತ ಒಂದು ಅಳತೆ ಇದೆ, 6ರಿಂದ 20ರವರೆಗೆ. ಎಷ್ಟು ದಣಿವಾಗಿದೆ ಅಂತ ಅವರನ್ನೇ ಕೇಳಿ ಅಂಕಿ ಹೇಳಿಸಬೇಕು. 11ರಿಂದ 13ರ ಒಳಗಿದ್ದರೆ ಹದ. ನಮ್ಮ ರೈತರಿಗೆ ಬರೀ ಅಂಕಿ ಹೇಳಿದರೆ ಏನೂ ತಿಳಿಯುತ್ತಿರಲಿಲ್ಲ, ಅದಕ್ಕೆ ನಾನೇ ಒಂದು ಚಾರ್ಟ್ ಬರೆದು ಗೋಡೆಗೆ ಹಚ್ಚಿದ್ದೇನೆ. 6 ಅಂದರೆ ಗುಡಿ ಕಟ್ಟೆ ಮೇಲೆ ಕೂತ ಹಾಗೆ. 11 ಅಂದರೆ ಬಸ್‌ಸ್ಟ್ಯಾಂಡಿಗೆ ನಡೆದ ಹಾಗೆ, ಬಸ್ಸಿಗೆ ಇನ್ನೂ ಹೊತ್ತಿದೆ. 13 ಅಂದರೆ ಬಸ್ ಬಂದು ನಿಂತಿದೆ. 17 ಅಂದರೆ ಬಸ್ ಹೊರಟೇಬಿಟ್ಟಿದೆ. ಈಗ ಎಲ್ಲರೂ "ಬ್ರದರ್, ಬಸ್ ಬಂತ್ರೀ" ಅನ್ನುತ್ತಾರೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಜೋರು ನಡೆಯಿರಿ ಅಂತಲೂ ಹೇಳುತ್ತೇನೆ. ಬಾದಾಮಿ ಕಡೆಯ ಅಜ್ಜ ಒಬ್ಬರು ಒಂದು ಪೂರ್ತಿ ಭಜನೆ ಹಾಡಿ ಮುಗಿಸಿದರು, ಅವರ ವೇಗ ಆವತ್ತೇ ಹೆಚ್ಚಿಸಿದೆವು.

ಈ ಕೆಲಸ ನನಗೆ ತುಂಬಾ ಇಷ್ಟ ದೋಸ್ತ. ಐಸಿಯುನಲ್ಲಿ ಜನ ಉಳಿದರೋ ಇಲ್ಲವೋ ಅಷ್ಟೇ ಗೊತ್ತಾಗುತ್ತಿತ್ತು. ಇಲ್ಲಿ ಅವರು ಮತ್ತೆ ಹೊಲಕ್ಕೆ ಹೋಗುವುದನ್ನು ನೋಡುತ್ತೇನೆ.

ಕಾಕಾ ನೇಕಾರ. ಶ್ರಾವಣದಲ್ಲಿ ಬೈಪಾಸ್ ಆಯಿತು. ಮೊದಲ ದಿನವೇ ಕೇಳಿದ ಪ್ರಶ್ನೆ, "ಮಗ್ಗಕ್ಕ ಯಾವಾಗ ಇಳೀಲಿ?" ಕುಣಿಮಗ್ಗ ಅದು. ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯಬೇಕು, ಕೈಯಲ್ಲಿ ದಾರ ಜಗ್ಗಿ ಲಾಳಿ ಓಡಿಸಬೇಕು, ಹಲಗೆ ಎಳೆದು ಬಡಿಯಬೇಕು, ದಿನವಿಡೀ. ಎದೆಯ ಎಲುಬು ಸೀಳಿ ಉಕ್ಕಿನ ತಂತಿಯಿಂದ ಕಟ್ಟಿರುತ್ತಾರಲ್ಲ, ಅದು ಗಟ್ಟಿಯಾಗಿ ಕೂಡಲು ಎರಡು ಮೂರು ತಿಂಗಳು ಬೇಕು. ಅಲ್ಲಿತನಕ ಭಾರ ಎತ್ತುವ ಹಾಗಿಲ್ಲ, ಜಗ್ಗುವ ಹಾಗಿಲ್ಲ. ಕೆಮ್ಮು ಬಂದರೆ ದಿಂಬು ಎದೆಗೆ ಅವುಚಿಕೊಂಡು ಕೆಮ್ಮಿ ಅಂತ ಹೇಳಿದೆ. ಅವರು ಮನೆಯ ಕೌದಿ ಮಡಚಿ ತಂದರು. ಯಾವ ಕೈ ಎಷ್ಟು ದೂರ ಹೋಗುತ್ತದೆ ಅಂತ ತೋರಿಸಿರಿ ಅಂದರೆ ಖೋಲಿ ನಡುವೆ ಸ್ಟೂಲಿನ ಮೇಲೆ ಕೂತು ಇಲ್ಲದ ಮಗ್ಗ ನೇಯ್ದು ತೋರಿಸಿದರು. ನಾನೂ ಫಿಜಿಯೋನೂ ಸುಮ್ನೆ ನೋಡುತ್ತಾ ನಿಂತುಬಿಟ್ಟೆವು.

ಕಾಕು ಪ್ರತಿ ಸಲ ಜೊತೆಗೆ ಬರುತ್ತಿದ್ದರು. ನೀರಿನ ಬಾಟಲಿ, ಫೈಲು, ಬುತ್ತಿ ಗಂಟು, ಎಲ್ಲ ಅವರ ಕೈಯಲ್ಲಿ. ಮೊದಲ ದಿನ ಆರು ನಿಮಿಷದ ನಡಿಗೆ ಪರೀಕ್ಷೆ ಇಟ್ಟೆವು. 30 ಮೀಟರ್ ಕಾರಿಡಾರ್, ಎರಡೂ ತುದಿಗೆ ಒಂದೊಂದು ಗುರುತು, ಆರು ನಿಮಿಷದಲ್ಲಿ ಎಷ್ಟು ದೂರ ಹೋಗುತ್ತಾರೆ ಅಂತ ಲೆಕ್ಕ. ಕಾಕಾ ಹೊರಟ ಕೂಡಲೇ ಕಾಕು ಕೂಡ ಪಕ್ಕದಲ್ಲೇ ಹೊರಟರು, ಎಲ್ಲಿ ಬೀಳುತ್ತಾರೋ ಅಂತ. ಮೂರನೇ ಸುತ್ತಿನ ನಡುವೆ ಕಾಕು ನಿಂತರು. ಗೋಡೆಗೆ ಕೈ ಹಚ್ಚಿದರು. ಜೊತೆಗೆ ಯಾರಾದರೂ ನಡೆದರೆ ಪರೀಕ್ಷೆಯ ಲೆಕ್ಕ ತಪ್ಪುತ್ತದೆ, ಹಾಗಾಗಿ ನಾನು "ಕಾಕು, ನೀವು ಕೂಡ್ರಿ" ಅಂತ ಬೆಂಚು ತೋರಿಸಿದೆ. ಅವರು ಕೂತರು. ಬೈಪಾಸ್ ಆಗಿ ಐದು ವಾರದ ಗಂಡ ಎಂಟು ಸುತ್ತು ಮುಗಿಸಿದ, 240 ಮೀಟರ್. ಹೆಂಡತಿಗೆ ಮೂರನೇ ಸುತ್ತು ಪೂರ್ತಿ ಆಗಲಿಲ್ಲ. ನಾನು ಗಂಡನ ಮೀಟರ್ ಬರೆದುಕೊಂಡೆ.

ಆಮೇಲೆ ಒಂಬತ್ತು ವಾರ ಅವರು ಅದೇ ಬೆಂಚಿನ ಮೇಲೆ. ಕಾಕು ಒಂದು ದಿನವೂ ತನಗೇನಾಗಿದೆ ಅಂತ ಹೇಳಿದವರಲ್ಲ.

ಪ್ರತಿ ಗುರುವಾರ ನಾನು ಅರ್ಧ ತಾಸು ಪಾಠ ಮಾಡುತ್ತೇನೆ. ಎದೆನೋವು ಬಂದರೆ ಸಾರ್ಬಿಟ್ರೇಟ್ ಗುಳಿಗೆಯನ್ನು ಕೂತುಕೊಂಡೇ ನಾಲಿಗೆ ಕೆಳಗೆ ಇಡಬೇಕು, ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಬೇಕು, ಇಂಥವು. ಹಾರ್ಟ್ ಅಟ್ಯಾಕ್ ಅಂದರೆ ಸಿನಿಮಾದ ಹಾಗೆ ಎದೆ ಹಿಡಿದುಕೊಂಡು ಬೀಳುವುದೊಂದೇ ಅಲ್ಲ, ಹೆಂಗಸರಲ್ಲಂತೂ ದವಡೆ ನೋವು, ಬೆನ್ನು ನೋವು, ಓಕರಿಕೆ, ಮೈಯೆಲ್ಲ ಬೆವರು, ಕಾರಣವಿಲ್ಲದ ಸುಸ್ತು, ಹೀಗೂ ಬರಬಹುದು ಅಂತ ಹೇಳುತ್ತೇನೆ. ಕಾಕಾ ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದರು.

ಹತ್ತನೇ ವಾರ, ದೀಪಾವಳಿ ಮುಗಿದಿತ್ತು. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಕಾಕು ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿದರು. ವಾಂತಿ ಆಯಿತು. ಮನೆಯವರು ಪಿತ್ತ ಅಂತ ಸೋಡಾ ತಂದರು. ಕಾಕಾ ಆಕೆಯ ಹಣೆ ಮುಟ್ಟಿ ನೋಡಿ, "ಎಲ್ಲಿ ನೋಯತೈತಿ?" ಅಂತ ಕೇಳಿದರಂತೆ. ಆಕೆ ದವಡೆ ತೋರಿಸಿದರಂತೆ. ಸೋಡಾ ಪಕ್ಕಕ್ಕಿಟ್ಟು 108ಕ್ಕೆ ಫೋನ್ ಮಾಡಿಸಿದರು. ಬೇಗ ಬಂದದ್ದಕ್ಕೆ ಉಳಿದರು. ಒಂದು ಸ್ಟೆಂಟ್ ಹಾಕಿದ್ದಾರೆ.

ಕಾಕಾನ ಕೊನೆಯ ದಿನ ಇಬ್ಬರೂ ಬಂದರು. ಮತ್ತೆ ಮಗ್ಗಕ್ಕೆ ಇಳಿದು, ಸ್ವಲ್ಪ ಸ್ವಲ್ಪವೇ ನೇಯ್ದ ಮೊದಲ ಖಣ ತಂದಿದ್ದರು. "ನಿಮ್ಮ ಪಾಠದಿಂದ ನನ್ನ ಹೇಣ್ತಿ ಉಳಿದಳು, ಇದು ನಿಮ್ಮ ಮನಿಯವರಿಗೆ" ಅಂದರು. ಯಾರೋ ಫೋಟೋ ತೆಗೆದರು. ಅದೇ ಫೋಟೋ.

ಇಲ್ಲಿಗೆ ಪತ್ರ ಮುಗಿಸೋಣ ಅಂತಿದ್ದೆ ದೋಸ್ತ. ಕಣ್ಣೆದುರು ಇದ್ದವರನ್ನು ನೋಡಲಿಲ್ಲ, ತಪ್ಪಾಯಿತು ಅಂತ ಬರೆದು ಬಿಡೋಣ ಅಂತ. ಆದರೆ ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅಳಿಸಬಹುದಿತ್ತು, ಅಳಿಸುವುದಿಲ್ಲ. ಕಾಕು ಹೇಳಿದ್ದರು.

ಆರನೇ ವಾರವೋ ಏಳನೇ ವಾರವೋ. ಕಾಕಾ ಒಳಗಿದ್ದರು. ನಾನು ಬೆಂಚಿನ ಪಕ್ಕ ಹಾದು ಹೋಗುತ್ತಿದ್ದೆ. "ತಮ್ಮಾ, ನಡದ್ರ ದವಡಿ ಜಗ್ಗಿದಂಗ ಆಗತೈತಿ, ಕುಂತ್ರ ಕಡಿಮಿ ಆಗತೈತಿ" ಅಂದರು. ಇಷ್ಟು ಸ್ಪಷ್ಟವಾಗಿ ನನ್ನ ರೋಗಿಗಳೇ ಹೇಳುವುದಿಲ್ಲ. ನಡೆದಾಗ ಬಂದು ಕೂತಾಗ ಹೋಗುವ ನೋವು. ಹಲ್ಲು ಹಾಗೆ ನೋಯುವುದಿಲ್ಲ, ಅದು ಕೂತರೂ ನೋಯುತ್ತದೆ, ಮಲಗಿದರೂ ನೋಯುತ್ತದೆ. ಇದು ನನಗೆ ಗೊತ್ತು. ಆ ಗುರುವಾರವೇ ಪಾಠದಲ್ಲಿ ಹೇಳಿದ್ದೆ. ಆದರೂ ನಾನು ನಿಲ್ಲದೆ ಹೇಳಿದ ಮಾತು ಇದು: "ಹಲ್ಲಿನ ಡಾಕ್ಟರಿಗೆ ತೋರಿಸ್ರಿ ಕಾಕು."

ಯಾಕೆ ಹಾಗೆ ಹೇಳಿದೆ ಅಂತ ಮೂರು ತಿಂಗಳಿಂದ ಯೋಚಿಸುತ್ತಿದ್ದೇನೆ. ಗೊತ್ತಾಗಲಿಲ್ಲ ಅಂತ ಹೇಳಲಾರೆ. ಒಂದು ಕ್ಷಣ ಗೊತ್ತಾಯಿತು. ಆದರೆ ಕೇಳುತ್ತಾ ಹೋದರೆ ಇಸಿಜಿ ತೆಗೆಯಬೇಕು, ಹೆಂಗಸರಾದ್ದರಿಂದ ಸಿಸ್ಟರ್ ಬೇಕು, ಸಿಸ್ಟರ್ ರಜೆ ಮೇಲಿದ್ದರು, ವಾರ್ಡಿನಿಂದ ಒಬ್ಬರನ್ನು ಕರೆಸಬೇಕು, ಹೊಸ ಚೀಟಿ ಮಾಡಿಸಬೇಕು. ಒಳಗೆ ಎಂಟು ಜನ ಕಾಯುತ್ತಿದ್ದರು. ಇನ್ನೂ ಒಂದು ಕಾರಣ ಇದೆ, ಅದು ಹೇಳಲು ಕಷ್ಟ. ಅವರ ಹೆಸರಿನಲ್ಲಿ ಫೈಲ್ ಇರಲಿಲ್ಲ. ನನ್ನ ಪಾಲಿಗೆ ಅವರು ರೋಗಿಯ ಜೊತೆ ಬಂದವರು. ಹೃದಯ ಇದ್ದದ್ದು ಕಾಕಾಗೆ, ಕಾಕುಗೆ ಬುತ್ತಿ ಗಂಟು. ನಾವು ನಮ್ಮ ಮನೆಗಳಲ್ಲಿ ನೋಡಿಕೊಂಡು ಬೆಳೆದದ್ದೂ ಇದನ್ನೇ ಅಲ್ವಾ? ನಮ್ಮ ಅವ್ವ ಜ್ವರ ಬಂತು ಅಂತ ಮಲಗಿದ್ದು ನಿನಗೆ ನೆನಪಿದೆಯಾ? ನನಗೆ ನೆನಪಿಲ್ಲ.

ಡಿಸ್ಚಾರ್ಜ್ ಆದಮೇಲೆ ಕಾಕು ನನ್ನ ಖೋಲಿಗೆ ಬರಬೇಕಿತ್ತು, ಈ ಸಲ ಅವರದೇ ಫೈಲಿನೊಂದಿಗೆ. ಬರಲಿಲ್ಲ. ಫೋನ್ ಮಾಡಿದೆ. "ಕಂಡಿಕಿ ಸುತ್ತೋರು ಯಾರು, ರೊಟ್ಟಿ ಮಾಡೋರು ಯಾರು" ಅಂದರು. ಕಂಡಿಕಿ ಅಂದರೆ ಲಾಳಿಯೊಳಗಿನ ನೂಲಿನ ಸುರುಳಿ. ಬಹುತೇಕ ಎಲ್ಲ ದೇಶಗಳಲ್ಲೂ ಪುನಶ್ಚೇತನಕ್ಕೆ ಬರುವವರಲ್ಲಿ ಹೆಂಗಸರು ಕಡಿಮೆಯೇ, ಕಾರಣಗಳೂ ಹೆಚ್ಚುಕಡಿಮೆ ಇವೇ. ಬೇರೆಯವರಾಗಿದ್ದರೆ ನಾನು ಬಿಡುತ್ತಿರಲಿಲ್ಲ, ಮಗನ ನಂಬರ್ ತಗೊಂಡು ಜಗಳ ಆಡುತ್ತಿದ್ದೆ. ಅವರಿಗೆ "ಆಯ್ತು ಕಾಕು" ಅಂದು ಫೋನ್ ಇಟ್ಟೆ. ಸಮಾಧಾನವಾಯಿತು ದೋಸ್ತ. ಅವರ ಮುಖ ನೋಡುವುದು ತಪ್ಪಿತು ಅಂತ. ಇಷ್ಟು ಬರೆಯಬೇಕು ಅಂದುಕೊಂಡಿರಲಿಲ್ಲ, ಬರೆದಾಯಿತು.

ಹೋದ ವಾರ ಮತ್ತೆ ಫೋನ್ ಮಾಡಿದೆ. ಕುಶಲ ಕೇಳಿದೆ. ಇಬ್ಬರ ಗುಳಿಗೆಯೂ ಗೋಡೆಯ ಒಂದೇ ಮಾಡದಲ್ಲಿವೆ, ಕಲಸುಮೇಲೋಗರ ಆಗಬಾರದು ಅಂತ ಕಾಕಾ ತನ್ನ ಡಬ್ಬಿಗೆ ನೀಲಿ ರೇಷ್ಮೆ ದಾರ, ಆಕೆಯ ಡಬ್ಬಿಗೆ ಕೆಂಪು ದಾರ ಕಟ್ಟಿದ್ದಾರಂತೆ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಿರುವ ಎರಡು ಗುಳಿಗೆ ಸುಮಾರು ಒಂದು ವರ್ಷ, ಡಾಕ್ಟರ್ ಹೇಳದೆ ಒಂದು ದಿನವೂ ಬಿಡಬಾರದು. ಅದನ್ನು ಮತ್ತೊಮ್ಮೆ ಹೇಳಿದೆ. ಆಮೇಲೆ ಹೇಳಿದೆ, "ಕಾಕು, ನೀವು ಆವತ್ತು ದವಡಿ ನೋವು ಅಂತ ಹೇಳಿದ್ರಿ. ನಾ ಕೇಳಬೇಕಾಗಿತ್ತು. ಕೇಳಲಿಲ್ಲ."

ಸ್ವಲ್ಪ ಹೊತ್ತು ಮಗ್ಗದ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅವರು ಅಂದರು, "ಹೂಂ ತಮ್ಮಾ. ನೀ ಹೇಳಿದ ಮ್ಯಾಲೆ ಹಲ್ಲಿನ ಡಾಕ್ಟರ್ ಕಡೆ ಹೋಗಿದ್ದೆ. ಒಂದ್ ಹಲ್ಲ್ ಕಿತ್ರು. ನೋವು ಹೋಗಲಿಲ್ಲ. ಮತ್ತ ನಿನಗ ಏನ್ ಹೇಳೋದು ಅಂತ ಸುಮ್ನಾದೆ."

ನನ್ನ ಮಾತು ನಂಬಿ ಒಂದು ಹಲ್ಲು ಕೀಳಿಸಿಕೊಂಡಿದ್ದಾರೆ. ಅದನ್ನು ಬೈಗುಳದ ಹಾಗೆ ಹೇಳಲಿಲ್ಲ. ಪೇಟೆಗೆ ಹೋಗಿದ್ದೆ, ಅಂಗಡಿ ಮುಚ್ಚಿತ್ತು ಅನ್ನುವ ಹಾಗೆ ಹೇಳಿದರು.

ಈಗ ನಮ್ಮ ಖೋಲಿಯಲ್ಲಿ ಬೆಂಚಿನ ಮೇಲೆ ಕೂತವರಿಗೂ ಬಿಪಿ ನೋಡುತ್ತೇವೆ. ನಡೆದರೆ ಏನಾಗುತ್ತದೆ, ಮೆಟ್ಟಿಲು ಹತ್ತಿದರೆ ಏನಾಗುತ್ತದೆ, ಎರಡು ಪ್ರಶ್ನೆ ಕೇಳುತ್ತೇವೆ. ಗುರುವಾರ ಸಿಸ್ಟರ್ ಒಬ್ಬರು ಇರಲೇಬೇಕು ಅಂತ ಬರೆದುಕೊಟ್ಟಿದ್ದೇನೆ, ಒಪ್ಪಿದ್ದಾರೆ. ಒಂದು ಕಾಲದಲ್ಲಿ ಹಾರ್ಟ್ ಅಟ್ಯಾಕ್ ಆದವರನ್ನು ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಲು ಬಿಡುತ್ತಿರಲಿಲ್ಲ. 1952ರಲ್ಲಿ ಬಾಸ್ಟನ್‌ನ ಲಿವೈನ್ ಮತ್ತು ಲೌನ್ ಎಂಬ ಇಬ್ಬರು ಡಾಕ್ಟರು, ರೋಗಿಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರೆ ಒಳ್ಳೆಯದು ಅಂತ ಬರೆದರು. ಕುರ್ಚಿಯಲ್ಲಿ ಕೂತವರನ್ನು ನಾನು ಈಗ ನೋಡಲು ಕಲಿಯುತ್ತಿದ್ದೇನೆ.

ಕಾಕು ಬರುವ ಗುರುವಾರ ಬರುತ್ತೇನೆ ಅಂದಿದ್ದಾರೆ. ಕಾಕಾ ಬುತ್ತಿ ಗಂಟು ಹಿಡಿದುಕೊಂಡು ಬೆಂಚಿನ ಮೇಲೆ ಕೂಡುತ್ತಾರಂತೆ, ಕಂಡಿಕಿ ಮಗ ಸುತ್ತುತ್ತಾನಂತೆ. ಇವತ್ತು ಮಂಗಳವಾರ. ಕಾರಿಡಾರಿನ ಗುರುತುಗಳ ಬಣ್ಣ ಹೋಗಿತ್ತು, ಇವತ್ತು ಸಂಜೆ ನಾನೇ ಹಚ್ಚಿ ಬಂದೆ.

ಸಾಕು. ಬಹಳ ಬರೆದೆ. ಖಣ ಇನ್ನೂ ಹೊಲಿಸಿಲ್ಲ, ನಿನ್ನ ವೈನಿಗೆ ಈ ಕಥೆಯೆಲ್ಲ ಹೇಳಿದ ಮೇಲೆ ಆಕೆ ಅದನ್ನು ಮಡಚಿ ಟ್ರಂಕಿನಲ್ಲಿ ಇಟ್ಟಿದ್ದಾಳೆ, ಕಾಕು ಹನ್ನೆರಡು ವಾರ ಮುಗಿಸಲಿ, ಆಮೇಲೆ ಹೊಲಿಸುತ್ತೇನೆ ಅನ್ನುತ್ತಾಳೆ. ಅಮೀನಗಡದ ಕರದಂಟು ಪಾರ್ಸೆಲ್ ಮಾಡಿದ್ದೇನೆ. ಗೋಕಾಕದ್ದೇ ಬೇಕು ಅಂತ ಮತ್ತೆ ಶುರು ಮಾಡಬೇಡ, ಹಾಸ್ಟೆಲ್‌ನಲ್ಲೇ ಆ ಪಂಚಾಯ್ತಿ ಮುಗಿದಿದೆ. ಹೋಳಿ ಹಬ್ಬಕ್ಕೆ ರಜೆ ಹಾಕಿ ಬಾ. ಬಾರಿಸುವ ಹಲಗಿ ಹದ ಮಾಡಿಸಿ ಇಟ್ಟಿದ್ದೇನೆ. ಆ ಹಸಿರು ಬಕೀಟು ಇನ್ನೂ ನಮ್ಮ ಅಟ್ಟದ ಮೇಲೇ ಇದೆ, ಅವ್ವ ಯಾರಿಗೂ ಮುಟ್ಟಲು ಕೊಟ್ಟಿಲ್ಲ.

ನಿನ್ನ,
ಎಂಟನೇ ರೂಮಿನವ