ಖೊಡದ್‌ನ ದತ್ತಾಂಶ, ಬಳ್ಳಾರಿಯ ಕಂಪ್ಯೂಟರ್

ಮಾನ್ಯರೆ,

ಬಳ್ಳಾರಿ, ರಾಯಚೂರು, ಕೊಪ್ಪಳದ ಎಂ.ಎಸ್ಸಿ ಭೌತವಿಜ್ಞಾನ ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ಬೆಂಗಳೂರು, ಪುಣೆಯ ಸಂಸ್ಥೆಗಳ ಬಾಗಿಲು ಕಾಯುತ್ತಾರೆ. ರೇಡಿಯೊ ಖಗೋಳವಿಜ್ಞಾನಕ್ಕೆ ಅದು ಬೇಕಿಲ್ಲ. ಪುಣೆ ಬಳಿಯ ಖೊಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ 30 ಡಿಶ್‌ಗಳು ದಾಖಲಿಸಿದ ದತ್ತಾಂಶ, ವೀಕ್ಷಣೆ ನಡೆಸಿದವರಿಗೆ ಮೀಸಲಾದ 18 ತಿಂಗಳು ಮುಗಿದ ಮೇಲೆ ಎಲ್ಲರಿಗೂ ಉಚಿತ. ಅದನ್ನು ಸಂಸ್ಕರಿಸುವ ಕಾಸಾ ತಂತ್ರಾಂಶವೂ ಉಚಿತ. ಲಿನಕ್ಸ್ ಹಾಕಿದ, 16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್, ಒಂದು ಟಿಬಿ ಡಿಸ್ಕ್ ಇದ್ದರೆ ಆರಂಭಕ್ಕೆ ಸಾಕು. ಯುಪಿಎಸ್ ಮಾತ್ರ ಇರಲೇಬೇಕು. ಡಿಸ್ಕ್‌ಗೆ ಬರೆಯುವಾಗ ಕರೆಂಟ್ ಹೋದರೆ ಇಡೀ ಕಡತ ಕೆಡಬಹುದು.

ನಮ್ಮ ತಕರಾರು ಈ ಸಂಸ್ಕರಣೆ ಕಲಿಸುವ ಎರಡು ದಿನದ ಕಾರ್ಯಾಗಾರಗಳ ಬಗ್ಗೆ. ಎಲ್ಲ ಹಂತವನ್ನೂ ತಾನೇ ಮಾಡುವ ಸಿದ್ಧ ಪೈಪ್‌ಲೈನ್‌ಗೆ ಕಡತ ಕೊಟ್ಟು, ಸಂಜೆಗೆ ಚಿತ್ರ ತೋರಿಸಿ, ಪ್ರಮಾಣಪತ್ರ ಹಂಚಿದರೆ ಚಿತ್ರ ಕೆಟ್ಟಾಗ ಎಲ್ಲಿ ನೋಡಬೇಕೆಂದು ಯಾರಿಗೂ ತಿಳಿಯುವುದಿಲ್ಲ.

ಹೊಸ ಅಗಲ ಬ್ಯಾಂಡ್‌ನ ಭಾರೀ ಕಡತಗಳ ಬದಲು 610 ಮೆಗಾಹರ್ಟ್ಸ್‌ನ ಹಳೆಯ, 32 ಮೆಗಾಹರ್ಟ್ಸ್ ಅಗಲದ ದತ್ತಾಂಶದಿಂದ ಶುರುಮಾಡಿಸಿ. ಜಿಎಂಆರ್‌ಟಿಯ ಮೂಲ ರೂಪದ ಎಲ್‌ಟಿಎ ಕಡತವನ್ನು ಖಗೋಳವಿಜ್ಞಾನದ ಸಾಮಾನ್ಯ ರೂಪವಾದ ಫಿಟ್ಸ್‌ಗೆ, ಆಮೇಲೆ ಕಾಸಾ ಓದುವ ಮೆಷರ್‌ಮೆಂಟ್ ಸೆಟ್‌ಗೆ ಬದಲಿಸಿದ ಮೇಲೆ ಮೊದಲು ಹೊಳಪು ತಿಳಿದಿರುವ ಆಕಾಶದ ಆಕರಗಳಾದ 3ಸಿ48, 3ಸಿ147 ಅಥವಾ 3ಸಿ286ರ ಸ್ಕ್ಯಾನ್‌ಗಳ (ಆ ಆಕರದತ್ತ ಡಿಶ್ ತಿರುಗಿಸಿ ಪಡೆದ ವೀಕ್ಷಣೆಗಳ) ಗ್ರಾಫ್ ಹಾಕಿ ನೋಡಬೇಕು. ಇಷ್ಟು ಪ್ರಖರ ಆಕರದ ಮೇಲೂ ಶೂನ್ಯದ ಹತ್ತಿರವೇ ಇರುವ ಆ್ಯಂಟೆನಾ ಆ ಹೊತ್ತು ಕೆಲಸ ಮಾಡಿಲ್ಲ, ತೆಗೆಯಿರಿ. ಡಿಶ್ ಇನ್ನೂ ನೆಲೆ ನಿಲ್ಲದ ಪ್ರತಿ ಸ್ಕ್ಯಾನಿನ ಮೊದಲ ಕೆಲವು ಸೆಕೆಂಡು, ಬ್ಯಾಂಡಿನ ಅಂಚಿನ ಚಾನೆಲ್‌ಗಳು (ಆವರ್ತನದ ಸಣ್ಣ ತುಂಡುಗಳು) ಸಹ ಹೋಗಲಿ. ಮೊಬೈಲ್, ವಿದ್ಯುತ್ ತಂತಿ, ಉಪಗ್ರಹಗಳ ಗದ್ದಲ ತೆಗೆಯಲು ಕೆಟ್ಟ ದತ್ತಾಂಶವನ್ನು ಗುರುತಿಸಿ ಬದಿಗಿಡುವ ಸ್ವಯಂಚಾಲಿತ ಫ್ಲ್ಯಾಗಿಂಗ್ ಇದೆ. ಮಿತಿಯನ್ನು ತೀರಾ ಬಿಗಿ ಮಾಡಿದರೆ ಕಳೆಯ ಜೊತೆ ಪೈರೂ ಹೋಗುತ್ತದೆ: ದೊಡ್ಡ ಆಕರದ ನಿಜವಾದ ಸಂಕೇತ ಗಿಡ್ಡ ಬೇಸ್‌ಲೈನ್‌ಗಳಲ್ಲೇ (ಹತ್ತಿರದ ಎರಡೆರಡು ಡಿಶ್‌ಗಳ ಜೋಡಿಗಳಲ್ಲೇ) ಹೆಚ್ಚು, ಮೊದಲು ಬಲಿಯಾಗುವುದೂ ಅದೇ.

ಅಳತೆಯ ದೋಷ ಸರಿಪಡಿಸುವ ಕ್ಯಾಲಿಬ್ರೇಷನ್ನಿನಲ್ಲಿ ಕ್ರಮ ತಪ್ಪಬಾರದು. ಮೊದಲು ಪ್ರತಿ ಆ್ಯಂಟೆನಾದ ಸಂಕೇತದ ವಿಳಂಬ, ನಂತರ ಬ್ಯಾಂಡ್‌ಪಾಸ್ (ಚಾನೆಲ್‌ವಾರು ಸ್ಪಂದನೆ), ಕೊನೆಗೆ ಸಮಯದೊಂದಿಗೆ ಬದಲಾಗುವ ಗೇನ್ (ಆ್ಯಂಟೆನಾದ ಒಟ್ಟು ಸ್ಪಂದನೆ). ವಿಳಂಬ ಸರಿಪಡಿಸದೆ ಚಾನೆಲ್‌ಗಳ ಸರಾಸರಿ ತೆಗೆದರೆ, ಚಾನೆಲ್‌ನಿಂದ ಚಾನೆಲ್‌ಗೆ ಜಾರುವ ಫೇಸ್‌ಗಳು (ಅಲೆಯ ಹಂತಗಳು) ಒಂದನ್ನೊಂದು ಅಳಿಸಿ ಸಂಕೇತವೇ ಕುಗ್ಗುತ್ತದೆ.

ಇನ್ನು ಚಿತ್ರ ತಯಾರಿ. 610ರಲ್ಲಿ ಬೀಮ್, ಅಂದರೆ ಚಿತ್ರದಲ್ಲಿ ಬಿಡಿಸಿ ಕಾಣುವ ಅತಿ ಸಣ್ಣ ವಿವರ, ಸುಮಾರು 5 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ರಲ್ಲಿ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ಪಿಕ್ಸೆಲ್ 1 ಆರ್ಕ್‌ಸೆಕೆಂಡ್ ಇಟ್ಟರೆ ಸರಿ. ಅಗಲ ಆಕಾಶದ ವಕ್ರತೆಯನ್ನು ಲೆಕ್ಕಕ್ಕೆ ತರುವ ಡಬ್ಲ್ಯು-ಪ್ರೊಜೆಕ್ಷನ್ ಬಿಟ್ಟರೆ ನಡುವಿನಿಂದ ದೂರದ ಆಕರಗಳು ಕದಡುತ್ತವೆ. ಚಿತ್ರದ ಉದ್ದಗಲಕ್ಕೂ ಓರೆ ಪಟ್ಟೆ ಬಿದ್ದರೆ ಕೆಟ್ಟ ಬೇಸ್‌ಲೈನ್ ಹುಡುಕಿ. ಪ್ರಖರ ಆಕರದ ಸುತ್ತ ಮಾತ್ರ ಗೆರೆ, ಉಂಗುರ ಕಂಡರೆ ಅನುಮಾನ ಗೇನ್ ಮೇಲೆ. ತಯಾರಾದ ಚಿತ್ರವನ್ನೇ ಮಾದರಿಯಾಗಿಟ್ಟು ಮಾಡುವ ಸೆಲ್ಫ್-ಕ್ಯಾಲಿಬ್ರೇಷನ್ ಫೇಸ್‌ನಿಂದಲೇ ಆರಂಭವಾಗಲಿ, ಆ್ಯಂಪ್ಲಿಟ್ಯೂಡ್ (ಸಂಕೇತದ ಬಲ) ಕೊನೆಗೆ ಒಂದು ಸಲ ಸಾಕು. ಅವಸರಪಟ್ಟರೆ ಮಾದರಿಯಲ್ಲಿ ಸೇರದ ಮಂದ ಆಕರಗಳ ಹೊಳಪು ಇಳಿದುಹೋಗುತ್ತದೆ, ಚಿತ್ರ ಮಾತ್ರ ಅಂದವಾಗಿ ಕಾಣುತ್ತದೆ!

ಈ ಭಾಗದ ವಿಶ್ವವಿದ್ಯಾಲಯಗಳು ಇದನ್ನು ಪೂರ್ಣ ಸೆಮಿಸ್ಟರ್‌ನ ಪ್ರಾಜೆಕ್ಟ್ ಮಾಡಲಿ. ಅಂತಿಮ ಚಿತ್ರಕ್ಕಿಂತ, ಯಾವ ದತ್ತಾಂಶವನ್ನು ಏಕೆ ತೆಗೆದೆವು ಎಂದು ಬರೆದಿಟ್ಟ ಟಿಪ್ಪಣಿಗೆ ಹೆಚ್ಚು ಅಂಕ ಇಡಲಿ.

– ಇಬ್ಬರು ಭೌತವಿಜ್ಞಾನ ಉಪನ್ಯಾಸಕರು, ಬಳ್ಳಾರಿ